ಬೀಗ ಬಿದ್ದ ಮನೆಯನ್ನೂ ಎಣಿಸಿ: ಗುಳೆ, ಕೂಲಿ, ಅಸಮಾನತೆಯ ಮನೆ ಸಮೀಕ್ಷೆ ಮಾಡುವ ಕ್ರಮ

ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಸಾಲುಸಾಲು ಮನೆಗಳಿಗೆ ಬೀಗ ಬೀಳುತ್ತದೆ. ಜನ ಗುಳೆ ಹೋಗಿರುತ್ತಾರೆ, ಅಂದರೆ ಕೂಲಿ ಹುಡುಕಿಕೊಂಡು ಕೆಲವು ತಿಂಗಳ ಮಟ್ಟಿಗೆ ಊರು ಬಿಟ್ಟಿರುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸ, ಬಾಗಲಕೋಟೆ–ಬೆಳಗಾವಿ ಕಡೆಯ ಕಬ್ಬಿನ ಕಡಿತ, ಚಿಕ್ಕಮಗಳೂರು–ಕೊಡಗಿನ ಕಾಫಿ ತೋಟ, ಪುಣೆ, ಮುಂಬೈ, ಹೈದರಾಬಾದ್, ಗೋವಾ: ಯಾವ ಊರಿನವರು ಯಾವ ದಾರಿ ಹಿಡಿಯುತ್ತಾರೆ ಎಂಬುದು ಆ ಊರಿನ ಮೇಸ್ತ್ರಿ (ಮುಂಗಡ ಕೊಟ್ಟು ಕೂಲಿಯವರನ್ನು ಕರೆದೊಯ್ಯುವವ) ಯಾರು, ನೆಂಟರು ಎಲ್ಲಿದ್ದಾರೆ ಎಂಬುದರ ಮೇಲೆ ನಿಂತಿದೆ. ಇಂಥ ಊರಿಗೆ ಸಮೀಕ್ಷೆಗೆ ಹೋದ ತಂಡ ಬೀಗ ಕಂಡ ಕೂಡಲೇ ಪಕ್ಕದ ಮನೆಯಲ್ಲಿ ಫಾರ್ಮ್ ತುಂಬಿಸಿಕೊಂಡು ಬಂದರೆ ಆ ಸಮೀಕ್ಷೆ ಅಲ್ಲಿಗೇ ಕೆಟ್ಟಿತು. ಒಬ್ಬ ಮಗನನ್ನು ಮಾತ್ರ ಕಳಿಸಿ ಹೊಲ ನೋಡಿಕೊಂಡಿರುವ ಮನೆ ಲೆಕ್ಕಕ್ಕೆ ಸಿಗುತ್ತದೆ. ಜಮೀನಿಲ್ಲದೆ, ಮುಂಗಡ ತೀರಿಸಲು ಮಕ್ಕಳನ್ನೂ ಕಟ್ಟಿಕೊಂಡು ಹೊರಟ ಮನೆ ಸಿಗುವುದಿಲ್ಲ. ಅಸಮಾನತೆ ಅಳೆಯಲು ಹೋದವರು ಅತ್ಯಂತ ಕೆಳಗಿನವರನ್ನೇ ಬಿಟ್ಟು ಅಳೆದಂತಾಗುತ್ತದೆ.

ಒಂದು ತಾಲ್ಲೂಕು, ಸುಮಾರು 40 ಊರು, ಸುಮಾರು 750 ಮನೆ ಎಂಬ ಅಳತೆಯ ಸಮೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದೆ. ವಿಶ್ವವಿದ್ಯಾಲಯದ ಒಂದು ವಿಭಾಗವೋ ಕೂಲಿಕಾರರ ಸಂಘಟನೆಯೋ ಕೈಯಿಂದ ಮಾಡಬಹುದಾದ ಗಾತ್ರವಿದು.

ಮೊದಲು ಎರಡು ವ್ಯಾಖ್ಯೆ

ಯಾರು ಗುಳೆ ಹೋದವರು? ಇದನ್ನು ಕಾಗದದ ಮೇಲೆ ಬರೆಯದೆ ಪ್ರಶ್ನಾವಳಿಗೆ ಕೈ ಹಾಕಬೇಡಿ. ಜನಗಣತಿ ಹುಟ್ಟಿದ ಊರು ಅಥವಾ ಹಿಂದೆ ವಾಸವಿದ್ದ ಊರು ಬೇರೆಯಾಗಿದ್ದರೆ ವಲಸೆಗಾರ ಎನ್ನುತ್ತದೆ. ಹಾಗಾಗಿ ಮದುವೆಯಾಗಿ ಗಂಡನ ಊರಿಗೆ ಬಂದ ಹೆಂಗಸರೇ ಆ ಲೆಕ್ಕದಲ್ಲಿ ದೊಡ್ಡ ಪಾಲು. ನಾಲ್ಕು ತಿಂಗಳು ಹೋಗಿ ಬರುವ ಕೂಲಿಯವರು ಅದರಲ್ಲಿ ಕಾಣುವುದೇ ಇಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ ತನ್ನ 64ನೇ ಸುತ್ತಿನಲ್ಲಿ (2007–08) ಇವರನ್ನು ಬೇರೆಯಾಗಿ ಹಿಡಿಯಿತು: ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಇಲ್ಲವೆ ಕೆಲಸ ಹುಡುಕಿಕೊಂಡು ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆರು ತಿಂಗಳಿಗೆ ಮೀರದಂತೆ ಊರು ಬಿಟ್ಟವರು. ಅದಕ್ಕೂ ಹಿಂದಿನ 55ನೇ ಸುತ್ತಿನಲ್ಲಿ (1999–2000) ಕೆಳಮಿತಿ ಎರಡು ತಿಂಗಳಿತ್ತು. ಆ ಎರಡು ಸುತ್ತುಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಗುಳೆ ಏರಿತು, ಇಳಿಯಿತು ಎನ್ನುವುದು ಈ ಕಾರಣಕ್ಕೇ ತಪ್ಪು.

ನಮ್ಮ ಸಲಹೆ ಇಷ್ಟು. ಮಿತಿಯನ್ನು ಪ್ರಶ್ನೆಯೊಳಗೆ ಹುದುಗಿಸಬೇಡಿ. ಹೋದ ತಿಂಗಳು, ಬಂದ ತಿಂಗಳು, ಎಷ್ಟು ಸಲ ಎಂಬುದನ್ನು ಬರೆದುಕೊಳ್ಳಿ. ಒಂದು ತಿಂಗಳ ಮಿತಿಯೋ ಎರಡು ತಿಂಗಳದೋ, ವಿಶ್ಲೇಷಣೆಯಲ್ಲಿ ಹಾಕಿಕೊಳ್ಳಬಹುದು. ಹದಿನೈದು ದಿನಕ್ಕೊಮ್ಮೆ ಬಂದು ಹೋಗುವವರು, ವರ್ಷದಲ್ಲಿ ಮೂರು ಸಲ 25 ದಿನ ಹೋದವರು ಇಂಥ ಮಿತಿಗಳ ಸಂದಿಯಲ್ಲಿ ಜಾರಿಹೋಗಬಹುದು.

ಎರಡನೆಯದು, ಮನೆ ಎಂದರೆ ಯಾವುದು? ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಮನೆ ಎಂಬುದು ರೂಢಿಯ ವ್ಯಾಖ್ಯೆ. ಆದರೆ ಎಂಟು ತಿಂಗಳು ಬೆಂಗಳೂರಿನ ಶೆಡ್ಡಿನಲ್ಲಿ ಉಂಡು, ಅಲ್ಲಿಂದ ಪ್ರತಿ ತಿಂಗಳು ದುಡ್ಡು ಕಳಿಸುವ ಮಗ ಇದರಲ್ಲಿ ಹೊರಗುಳಿಯುತ್ತಾನೆ. ಅವನನ್ನು ಬಿಟ್ಟರೆ ಅವನು ಕಳಿಸಿದ ಹಣ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಸದಸ್ಯರ ಪಟ್ಟಿಯಲ್ಲಿ ಎಲ್ಲರನ್ನೂ ಬರೆಯಿರಿ, ಎದುರಿಗೆ ಎರಡು ಕಾಲಂ ಇಡಿ: ಹಿಂದಿನ 12 ತಿಂಗಳಲ್ಲಿ ಈ ಒಲೆಯಲ್ಲಿ ಎಷ್ಟು ತಿಂಗಳು ಉಂಡರು, ದುಡಿದದ್ದನ್ನು ಈ ಮನೆಗೆ ಕೊಡುತ್ತಾರೋ ಇಲ್ಲವೋ. ಇವೆರಡಿದ್ದರೆ ಯಾವ ವ್ಯಾಖ್ಯೆ ಬೇಕಾದರೂ ಆಮೇಲೆ ಕಟ್ಟಬಹುದು.

ಯಾವಾಗ ಹೋಗಬೇಕು

ಫೆಬ್ರವರಿ–ಏಪ್ರಿಲ್‌ನಲ್ಲಿ ಹೋದರೆ ಬೀಗಗಳೇ ಸಿಗುತ್ತವೆ. ಜೂನ್–ಜುಲೈನಲ್ಲಿ ಮುಂಗಾರು ಬಿತ್ತನೆಗೆ ಜನ ಮರಳಿರುತ್ತಾರೆ, ಆದರೆ ಹೊಲ ಬಿಟ್ಟು ಕೂರುವ ಪುರುಸೊತ್ತಿಲ್ಲ. ಕಬ್ಬಿಗೂ ತೋಟಕ್ಕೂ ಹೋದವರ ಲೆಕ್ಕ ಮಾತ್ರ ಆಗ ಅವರ ನಾಲಗೆಯ ತುದಿಯಲ್ಲೇ ಇರುತ್ತದೆ. ಬಿತ್ತನೆ ಮುಗಿದು ಕಳೆ ಹೆಚ್ಚುವ ಮುನ್ನಿನ ಎರಡು ಮೂರು ವಾರ, ಅಂದರೆ ಪಂಚಮಿಯ ಆಸುಪಾಸು, ಈ ಭಾಗಕ್ಕೆ ಒಳ್ಳೆಯ ಕಾಲ. ಊರ ಜಾತ್ರೆ, ಯುಗಾದಿ, ಮೊಹರಂ ದಿನಗಳಲ್ಲೂ ಹೊರಗಿದ್ದವರು ಬರುತ್ತಾರೆ. ಕಲ್ಯಾಣ ಕರ್ನಾಟಕದ (2019ರವರೆಗಿನ ಹೆಸರು ಹೈದರಾಬಾದ್ ಕರ್ನಾಟಕ) ಎಷ್ಟೋ ಊರುಗಳಲ್ಲಿ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಎಲ್ಲ ಜಾತಿಯವರೂ ಊರಿಗೆ ಮರಳುತ್ತಾರೆ. ಚಾಂದ್ರಮಾನದ ಆ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಕ್ಯಾಲೆಂಡರ್ ನೋಡಿಕೊಂಡೇ ಯೋಜನೆ ಹಾಕಿ. ಹಬ್ಬದ ದಿನವೇ ಹೋಗಬೇಡಿ; ಹಿಂದುಮುಂದಿನ ನಾಲ್ಕು ದಿನ ಸಾಕು.

ಹಣ ಇದ್ದರೆ ಎರಡು ಸಲ ಹೋಗುವುದು ಉತ್ತಮ: ಮನೆಪಟ್ಟಿಯನ್ನು ಮಾರ್ಚ್‌ನಲ್ಲಿ, ಸಂದರ್ಶನವನ್ನು ಜುಲೈ–ಆಗಸ್ಟ್‌ನಲ್ಲಿ. ಬೀಗ ಯಾವ ಮನೆಗಿತ್ತು ಎಂಬುದನ್ನು ಆಗ ಯಾರ ನೆನಪನ್ನೂ ನಂಬದೆ ಕಣ್ಣಾರೆ ದಾಖಲಿಸಿದಂತಾಗುತ್ತದೆ.

ಎಷ್ಟು ಮನೆ, ಯಾವ ಊರು

ಶೇಕಡಾವಾರು ಅಂದಾಜು ಶೇ. 95ರಷ್ಟು ಭರವಸೆಯಲ್ಲಿ (ಇಂಥ ಸಮೀಕ್ಷೆಯನ್ನು ನೂರು ಸಲ ಮಾಡಿದರೆ ಸುಮಾರು 95 ಸಲ) ಹೆಚ್ಚೆಂದರೆ 5 ಅಂಶ ಅತ್ತಿತ್ತ ಆಗಲಿ ಎಂದುಕೊಂಡರೆ ಸರಳ ಯಾದೃಚ್ಛಿಕ ಮಾದರಿಗೆ, ಅಂದರೆ ಇಡೀ ತಾಲ್ಲೂಕಿನ ಮನೆಗಳಲ್ಲಿ ನೇರವಾಗಿ ಚೀಟಿ ಎತ್ತಿದರೆ, 384 ಮನೆ ಬೇಕು. ಆದರೆ ನೀವು ಊರುಗಳನ್ನು ಆರಿಸಿ ಅವುಗಳೊಳಗೆ ಮನೆ ಆರಿಸುತ್ತೀರಿ. ಒಂದೇ ಊರಿನ ಮನೆಗಳು ಒಂದೇ ಮೇಸ್ತ್ರಿಯ ಹಿಂದೆ ಹೋಗುವುದರಿಂದ ಒಂದರಂತೆ ಒಂದಿರುತ್ತವೆ. ಹದಿನಾರು ಮನೆ ಕೇಳಿದರೂ ಹದಿನಾರು ಮನೆಯಷ್ಟು ಹೊಸ ಮಾಹಿತಿ ಸಿಗುವುದಿಲ್ಲ. ಊರೊಳಗಿನ ಹೋಲಿಕೆಯನ್ನು (ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಊರಿನ ಮನೆಗಳೆಲ್ಲ ಒಂದೇ ಥರ) 0.05 ಎಂದು ಹಿಡಿದು ಊರಿಗೆ 16 ಮನೆ ಮಾಡಿದರೆ ಹೆಚ್ಚಳದ ಗುಣಕ 1 + 15 × 0.05 = 1.75. ಆಗ 384 × 1.75 = 672 ಮನೆ, 42 ಊರು. ಹತ್ತರಲ್ಲೊಂದು ಮನೆ ಕೊನೆಗೂ ಸಿಗದು ಎಂದು ಊರಿಗೆ 18ರಂತೆ 756 ಮನೆ ಆರಿಸಿ. ಗುಳೆಯ ವಿಷಯದಲ್ಲಿ ಊರೊಳಗಿನ ಹೋಲಿಕೆ 0.05ಕ್ಕಿಂತ ಹೆಚ್ಚೇ ಇರಬಹುದು. ಆದ್ದರಿಂದ ಊರಿಗೆ ಹೆಚ್ಚು ಮನೆ ಮಾಡುವುದಕ್ಕಿಂತ ಹೆಚ್ಚು ಊರು ಮಾಡುವುದು ಮೇಲು, ಜೀಪಿನ ಬಾಡಿಗೆ ಏರಿದರೂ.

ಊರುಗಳ ಪಟ್ಟಿಗೆ ಇಂದಿಗೂ 2011ರ ಜನಗಣತಿಯೇ ಆಧಾರ. ಆದರೆ ಅದು ಹಳೆಯ ತಾಲ್ಲೂಕುಗಳ ಪಟ್ಟಿ. ಆಗ ಯಾದಗಿರಿ ಜಿಲ್ಲೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಬಂದವು. ರಾಯಚೂರಿನ ಮಸ್ಕಿ, ಸಿರವಾರದ್ದೂ ಇದೇ ಕಥೆ. ಹೊಸ ತಾಲ್ಲೂಕಿನಲ್ಲಿ ಕೆಲಸವಾದರೆ ಅದರ ಊರುಗಳನ್ನು ಹಳೆಯ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ ಹೊಂದಿಸಿ. ತಾಂಡಾಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ತಾಂಡಾಗಳು ಕಂದಾಯ ಗ್ರಾಮಗಳಾಗಿವೆ, 2011ರ ಪಟ್ಟಿಯಲ್ಲಿ ಅವು ಮೂಲ ಊರಿನ ಹೆಸರಿನೊಳಗೇ ಅಡಗಿವೆ. ಊರು ಆಯ್ಕೆಯಾದರೆ ಅದರ ತಾಂಡಾ, ದೊಡ್ಡಿ, ಹಟ್ಟಿ, ಜನತಾ ಕಾಲೊನಿ ಎಲ್ಲವೂ ಆಯ್ಕೆಯಾದಂತೆ. ಮೂರು ಕಿಲೋಮೀಟರ್ ದೂರದ ತಾಂಡಾ ಬಿಟ್ಟು ಬಂದರೆ ಗುಳೆಯ ದೊಡ್ಡ ಪಾಲನ್ನೇ ಬಿಟ್ಟು ಬಂದಂತಾಗಬಹುದು.

ದೊಡ್ಡ ಊರಿಗೆ ದೊಡ್ಡ ಅವಕಾಶ ಸಿಗುವಂತೆ ಆರಿಸಿ. ಊರುಗಳನ್ನು ಬರೆದು ಮನೆ ಸಂಖ್ಯೆಯನ್ನು ಕೂಡುತ್ತ ಹೋಗಿ. ತಾಲ್ಲೂಕಿನಲ್ಲಿ 50,000 ಮನೆಯಿದ್ದು 42 ಊರು ಬೇಕಾದರೆ ಅಂತರ 1,190. ಒಂದರಿಂದ 1,190ರೊಳಗೆ ಒಂದು ಅಂಕಿ ಎತ್ತಿ, ಅಲ್ಲಿಂದ 1,190 ಕೂಡುತ್ತ ಹೋದಾಗ ಆ ಅಂಕಿಗಳು ಬೀಳುವ ಊರುಗಳೇ ನಿಮ್ಮವು. 1,190ಕ್ಕಿಂತ ದೊಡ್ಡ ಊರು ತಪ್ಪದೆ ಬರುತ್ತದೆ, ಎರಡು ಸಲವೂ ಬರಬಹುದು. ಎರಡು ಸಲ ಬಂದರೆ ಆ ಊರಿನ ಎರಡು ಬೇರೆ ಭಾಗಗಳಲ್ಲಿ ಕೆಲಸ ಮಾಡಿ.

ಮನೆಪಟ್ಟಿ: ಇಲ್ಲಿ ಅವಸರ ಬೇಡ

ಪಡಿತರ ಚೀಟಿಯ ಪಟ್ಟಿ, ಉದ್ಯೋಗ ಖಾತರಿ ಜಾಬ್ ಕಾರ್ಡ್ ಪಟ್ಟಿ, ಮತದಾರರ ಪಟ್ಟಿ ಇವೆಲ್ಲ ಪಂಚಾಯಿತಿಯಲ್ಲಿ ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿ ಯಾವುದನ್ನೂ ಮಾದರಿಯ ಬುಡಕ್ಕೆ ಇಟ್ಟುಕೊಳ್ಳಬೇಡಿ. ಬೇರೆಯಾದ ಮಗನ ಹೆಸರು ಅಪ್ಪನ ಕಾರ್ಡಿನಲ್ಲೇ ಇರುತ್ತದೆ, ಸತ್ತವರು ಪಟ್ಟಿಯಲ್ಲಿ ಬದುಕಿರುತ್ತಾರೆ, ಸದಾ ಹೊರಗಿರುವ ಕುಟುಂಬಕ್ಕೆ ಕಾರ್ಡೇ ಇರುವುದಿಲ್ಲ. ಊರನ್ನು ನಡೆದೇ ಎಣಿಸಬೇಕು. 400 ಮನೆಯ ಊರಿಗೆ ಇಬ್ಬರು, ಮೂರು ದಿನ.

ಮೊದಲ ದಿನ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರ ಜೊತೆ ಊರು ಸುತ್ತಿ ಕೈನಕ್ಷೆ ಬರೆಯಿರಿ. ಓಣಿ, ಗುಡಿ, ಹಳ್ಳ, ತಾಂಡಾ ದಾರಿ ಎಲ್ಲ ಅದರಲ್ಲಿರಲಿ. ಯಾರ ಮನೆಗೆ ಬೀಗ, ಅವರು ಎಲ್ಲಿಗೆ ಹೋಗಿದ್ದಾರೆ, ಮಕ್ಕಳನ್ನು ಯಾರ ಬಳಿ ಬಿಟ್ಟಿದ್ದಾರೆ ಎಂದು ಅವರಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ. ಆಮೇಲೆ ಈಶಾನ್ಯ ಮೂಲೆಯಿಂದ ಶುರುಮಾಡಿ ಬಲಗೈ ಗೋಡೆ ಬಿಡದಂತೆ ನಡೆಯುತ್ತ ಪ್ರತಿ ಬಾಗಿಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಹಾಕಿ. ಒಂದು ಬಾಗಿಲೊಳಗೆ ಎರಡು ಒಲೆಯಿದ್ದರೆ ಎರಡು ಸಂಖ್ಯೆ.

ಪ್ರತಿ ಮನೆಗೆ ಐದು ಪ್ರಶ್ನೆ ಸಾಕು: ಮನೆ ಯಜಮಾನ ಅಥವಾ ಯಜಮಾನಿಯ ಹೆಸರು, ಎಷ್ಟು ಜನ, ಜಮೀನು ಇದೆಯೇ, ಹಿಂದಿನ ಯುಗಾದಿಯಿಂದ ಈವರೆಗೆ ಯಾರಾದರೂ ದುಡಿಯಲು ಹೊರಗೆ ಹೋಗಿದ್ದರೇ, ಫೋನ್ ನಂಬರ್. ಬೀಗದ ಮನೆಗಾದರೆ ಇವನ್ನೇ ಅಕ್ಕಪಕ್ಕದ ಎರಡು ಮನೆಯಲ್ಲಿ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿ. ಬೀಗಗಳೆಲ್ಲ ಒಂದೇ ಅಲ್ಲ: ಹೊಲಕ್ಕೆ ಹೋದವರ ಬೀಗ, ಗುಳೆ ಹೋದವರ ಬೀಗ, ಶಾಶ್ವತವಾಗಿ ಊರು ಬಿಟ್ಟವರ ಬೀಗ, ಯಾರೂ ವಾಸವಿಲ್ಲದ ಪಾಳು ಮನೆ. ನಾಲ್ಕಕ್ಕೂ ಬೇರೆ ಸಂಕೇತ ಕೊಡಿ. ಎಲ್ಲವನ್ನೂ ‘ಬೀಗ’ ಎಂದು ಒಂದೇ ಕಾಲಂಗೆ ತಳ್ಳಿದ ಪಟ್ಟಿಯಿಂದ ಮುಂದೆ ಏನನ್ನೂ ಬಿಡಿಸಲಾಗದು.

ಪಟ್ಟಿ ಮುಗಿದ ಮೇಲೆ ಮನೆಗಳನ್ನು ಮೂರು ಗುಂಪು ಮಾಡಿ. ಒಂದು, ಮನೆಮಂದಿಯೆಲ್ಲ ದುಡಿಯಲು ಹೋದವರು. ಎರಡು, ಕೆಲವರು ಮಾತ್ರ ಹೋದವರು. ಮೂರು, ಯಾರೂ ಹೋಗದವರು. ಪಟ್ಟಿಯಲ್ಲಿ 420 ಮನೆ ಬಂದು ಅವು 40, 80, 300 ಎಂದು ಹಂಚಿಹೋದರೆ ಅನುಕ್ರಮವಾಗಿ 4, 5, 9 ಮನೆಯನ್ನು ಚೀಟಿ ಎತ್ತಿ ಆರಿಸಿ. ಮೂರರಲ್ಲೂ ಆರಾರು ತೆಗೆದುಕೊಳ್ಳೋಣ ಎನಿಸುವುದು ಸಹಜ. ಗುಂಪುಗಳನ್ನು ಒಂದಕ್ಕೊಂದು ಹೋಲಿಸುವುದಷ್ಟೇ ಗುರಿಯಾದರೆ ಅದೇ ಸರಿ. ಇಡೀ ತಾಲ್ಲೂಕಿನ ಅಂದಾಜೂ ಬೇಕೆಂದರೆ ಅದು ದುಬಾರಿ: ಮೂರನೇ ಗುಂಪಿನ ಆರು ಮನೆಗಳ ಮೇಲೆ 300 ಮನೆಯ ಭಾರ ಬೀಳುತ್ತದೆ. 680 ಮನೆ ಮುಗಿದಾಗ 4–5–9ರ ಹಂಚಿಕೆಯಲ್ಲಿ ತಾಲ್ಲೂಕಿನ ಅಂದಾಜು ಸುಮಾರು ಐದೂವರೆ ಅಂಶ ಅತ್ತಿತ್ತ ಆದರೆ, 6–6–6ರಲ್ಲಿ ಅದು ಆರೂವರೆಗೆ ಹತ್ತಿರ ಹೋಗುತ್ತದೆ.

ಆಯ್ಕೆಯಾದ ಮನೆಗೆ ಬೀಗವಿದ್ದರೆ

ಬದಲಿ ಮನೆ ಇಲ್ಲ. ಇದನ್ನು ತರಬೇತಿಯ ಮೊದಲ ದಿನವೇ ಹೇಳಿ, ಕೊನೆಯ ದಿನ ಮತ್ತೆ ಹೇಳಿ. ದಿನಕ್ಕೆ ಇಷ್ಟು ಫಾರ್ಮ್ ಎಂದು ಕೂಲಿ ಕಟ್ಟಿದರೆ ಸಂದರ್ಶಕರು ಬದಲಿ ಮನೆ ಹುಡುಕಿಯೇ ಹುಡುಕುತ್ತಾರೆ. ತಪ್ಪು ಅವರದಲ್ಲ, ಕಟ್ಟಿದ ಕೂಲಿಯದು. ದಿನಗೂಲಿ ಕೊಡಿ, ಬೀಗದ ಮನೆಯ ಫಾರ್ಮನ್ನೂ ಪೂರ್ತಿ ಫಾರ್ಮ್ ಎಂದೇ ಎಣಿಸಿ.

ಮೂರು ಸಲ ಬೇರೆಬೇರೆ ಹೊತ್ತಿನಲ್ಲಿ ಹೋಗಬೇಕು, ಒಂದು ಸಲವಾದರೂ ಬೆಳಗ್ಗೆ ಏಳರೊಳಗೆ ಅಥವಾ ಸಂಜೆ ಏಳರ ಮೇಲೆ. ಆಮೇಲೂ ಸಿಗದಿದ್ದರೆ ಫೋನ್. ಫೋನಿನಲ್ಲಿ ಪೂರ್ತಿ ಪ್ರಶ್ನಾವಳಿ ನಡೆಯುವುದಿಲ್ಲ. ಕಾಲು ಗಂಟೆಯ ಚಿಕ್ಕ ರೂಪ ಸಿದ್ಧವಿರಲಿ. ಯಾರು ಹೋದರು, ಯಾವ ತಿಂಗಳು, ಎಲ್ಲಿಗೆ, ಏನು ಕೆಲಸ, ಹಾಜರಿ (ದುಡಿದ ದಿನಗಳ ಲೆಕ್ಕ), ಮುಂಗಡ, ಜಮೀನು, ಮಕ್ಕಳ ಶಾಲೆ, ಇಷ್ಟೇ. ಕೆಲಸದ ಜಾಗದಲ್ಲಿ ಮೇಸ್ತ್ರಿ ಪಕ್ಕದಲ್ಲಿದ್ದರೆ ಮುಂಗಡದ ಮಾತು ಸುಳ್ಳಾಗುತ್ತದೆ. ರಾತ್ರಿ ಎಂಟರ ಮೇಲೆ ಕರೆ ಮಾಡಿ, ಮೊದಲು ‘ಈಗ ಮಾತಾಡಬಹುದೇನ್ರಿ, ಹತ್ರ ಯಾರಾದ್ರೂ ಅದಾರೇನು’ ಎಂದು ಕೇಳಿ. ಫೋನೂ ಸಿಗದಿದ್ದರೆ ಊರಲ್ಲಿರುವ ಹತ್ತಿರದ ನೆಂಟರಿಂದ ಕೇಳಬಹುದು. ಆದರೆ ಕೂಲಿ, ಸಾಲದ ಅಂಕಿಗಳನ್ನು ಅವರಿಂದ ಪಡೆಯಬೇಡಿ, ಊಹೆ ಹೇಳುತ್ತಾರೆ. ಯಾವ ಉತ್ತರ ಯಾರಿಂದ ಬಂತು ಎಂಬ ಸಂಕೇತ ಪ್ರತಿ ಫಾರ್ಮಿನಲ್ಲೂ ಇರಲಿ.

ಇವರೆಲ್ಲ ಸೇರುವ ಊರಲ್ಲೇ, ಅಂದರೆ ಬೆಂಗಳೂರಿನಲ್ಲೇ ಹುಡುಕೋಣ ಎಂಬ ಯೋಚನೆ ಒಳ್ಳೆಯದು, ಕಷ್ಟದ್ದು. ಅಲ್ಲಿ ಪಟ್ಟಿಯೇ ಇಲ್ಲ. ಬೆಳಗ್ಗೆ ಕೂಲಿಯವರು ಬಂದು ನಿಲ್ಲುವ ವೃತ್ತಗಳನ್ನು ಪಟ್ಟಿಮಾಡಿ, ವೃತ್ತ ಮತ್ತು ವಾರದ ದಿನದ ಜೋಡಿಗಳನ್ನು ಚೀಟಿ ಎತ್ತಿ, ಆ ಹೊತ್ತಿಗೆ ಬಂದವರಲ್ಲಿ ಐದಕ್ಕೊಬ್ಬರನ್ನು ಕೇಳುವುದು ಒಂದು ದಾರಿ. ‘ಹೋದ ಏಳು ದಿನದಲ್ಲಿ ಎಷ್ಟು ದಿನ ಇಂಥ ಕಡೆ ನಿಂತಿದ್ರಿ’ ಎಂದು ಕೇಳಲೇಬೇಕು. ಆರು ದಿನ ನಿಂತವನು ನಿಮ್ಮ ಕೈಗೆ ಸಿಗುವ ಸಂಭವ ಎರಡು ದಿನ ನಿಂತವನದಕ್ಕಿಂತ ಮೂರು ಪಟ್ಟು, ಆದ್ದರಿಂದ ಅವನ ತೂಕ, ಅಂದರೆ ಅವನ ಉತ್ತರವನ್ನು ಎಷ್ಟು ಮಂದಿಯ ಪರವಾಗಿ ಎಣಿಸಬೇಕೆಂಬ ಅಂಕಿ, ಎರಡು ದಿನ ನಿಂತವನದರ ಮೂರನೇ ಒಂದು. ಕಟ್ಟಡದ ಜಾಗದ ಶೆಡ್ಡಿನಲ್ಲೇ ಇರುವವರು ವೃತ್ತಕ್ಕೆ ಬರುವುದೇ ಇಲ್ಲ. ವೃತ್ತದ ಅಂಕಿಯನ್ನು ‘ಬೆಂಗಳೂರಿನ ವಲಸೆ ಕೂಲಿಗಳು’ ಎಂದು ಕರೆಯಬೇಡಿ.

ಪ್ರಶ್ನೆ ಕೇಳುವ ಬಗೆ

‘ಗುಳೆ ಹೋಗಿದ್ದಿರಾ’ ಎಂದು ನೇರ ಕೇಳಿದರೆ ಕೆಲವರಿಗೆ ಅವಮಾನವೆನಿಸುತ್ತದೆ, ಕೆಲವರು ಸೌಲಭ್ಯ ತಪ್ಪೀತೆಂದು ಇಲ್ಲವೆನ್ನುತ್ತಾರೆ. ‘ಈ ಮನ್ಯಾಗಿನವ್ರು ಯಾರರ ಊರು ಬಿಟ್ಟು ದುಡಿಯಾಕ ಹೋಗಿದ್ರೇನ್ರಿ’ ಎಂಬುದಕ್ಕೆ ಉತ್ತರ ಸಲೀಸು. ಪ್ರಶ್ನಾವಳಿಯನ್ನು ಪುಸ್ತಕದ ಕನ್ನಡದಲ್ಲಿ ಬರೆದು ಸಂದರ್ಶಕರಿಗೆ ‘ನೀವೇ ಆಡುಮಾತಿಗೆ ತಿರುಗಿಸಿಕೊಳ್ಳಿ’ ಎಂದರೆ ಎಂಟು ಜನ ಎಂಟು ಬೇರೆ ಪ್ರಶ್ನೆ ಕೇಳುತ್ತಾರೆ. ಆ ಸೀಮೆಯ ಮಾತಿನಲ್ಲೇ ಅಚ್ಚುಹಾಕಿಸಿ. ತಾಂಡಾಗಳಿಗೆ ಲಂಬಾಣಿ ಮಾತು ಬಲ್ಲ ಸಂದರ್ಶಕರು ಇರಲೇಬೇಕು.

ಹೋಗಿಬಂದ ಲೆಕ್ಕಕ್ಕೆ 12 ತಿಂಗಳ ಕೋಷ್ಟಕ ಹಾಕಿ, ಆದರೆ ಜನವರಿ–ಫೆಬ್ರವರಿ ಎಂದು ಕೇಳಬೇಡಿ. ಯುಗಾದಿ, ಮುಂಗಾರು ಬಿತ್ತನೆ, ಪಂಚಮಿ, ಮಹಾನವಮಿ, ದೀಪಾವಳಿ, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ), ಶಿವರಾತ್ರಿ, ಹೋಳಿ, ಊರ ಜಾತ್ರೆ ಇವನ್ನು ಕೋಷ್ಟಕದ ತಲೆಯಲ್ಲಿ ಬರೆಯಿರಿ. ‘ಎಳ್ಳಮಾಸಿಗೆ ಚರಗ ಚೆಲ್ಲಿ ಹೋದಿವ್ರಿ’ ಎನ್ನುವವರಿಗೆ ಡಿಸೆಂಬರೋ ಜನವರಿಯೋ ಎಂಬ ಗೊಂದಲವೇ ಇರುವುದಿಲ್ಲ. ಹದಿನಾಲ್ಕು ದಾಟಿದ ಪ್ರತಿಯೊಬ್ಬರಿಗೂ ಒಂದು ಸಾಲು, ಪ್ರತಿ ಖಾನೆಯಲ್ಲಿ ಊರೋ ಹೊರಗೋ, ಮುಖ್ಯ ಕೆಲಸ ಯಾವುದು ಎಂಬ ಸಂಕೇತ. ಜೊತೆಗೆ ಹೋದ ಚಿಕ್ಕ ಮಕ್ಕಳಿಗೂ ಊರೋ ಹೊರಗೋ ಎಂಬ ಸಾಲು ಇರಲಿ. ಶಾಲೆ ತಪ್ಪಿದ ತಿಂಗಳುಗಳು ಅಲ್ಲಿಯೇ ಸಿಗುತ್ತವೆ.

ಹೆಂಗಸರ ದುಡಿಮೆ ಹೆಚ್ಚಿನ ಸಮೀಕ್ಷೆಗಳಲ್ಲಿ ಮಾಯವಾಗುವುದು ಒಂದೇ ಕಾರಣಕ್ಕೆ: ಗಂಡನನ್ನು ಕೇಳಿ ‘ಮನ್ಯಾಗ ಇರ್ತಾಳ್ರಿ’ ಎಂದು ಬರೆದುಕೊಳ್ಳುವುದು. ಅವರನ್ನೇ ಕೇಳಿ, ಪಟ್ಟಿ ಓದಿ ಕೇಳಿ. ಹತ್ತಿ ಬಿಡಿಸಿದಿರಾ, ಮೆಣಸಿನಕಾಯಿ ಹರಿದಿರಾ, ಕಳೆ ತೆಗೆದಿರಾ, ಸ್ವಂತ ಹೊಲದಲ್ಲಿ ಎಷ್ಟು ದಿನ, ಎಮ್ಮೆ–ಆಡು ಮೇಯಿಸಿದಿರಾ, ರೊಟ್ಟಿ ಮಾಡಿ ಮಾರಿದಿರಾ. ಸರ್ಕಾರದ ಆವರ್ತಕ ಶ್ರಮಶಕ್ತಿ ಸಮೀಕ್ಷೆಯಲ್ಲೂ ವರ್ಷದಲ್ಲಿ 30 ದಿನಕ್ಕೆ ಕಡಿಮೆಯಿಲ್ಲದಂತೆ ಮಾಡಿದ್ದನ್ನು ಉಪಕೆಲಸವೆಂದು ಎಣಿಸುತ್ತಾರೆ, ವಾರದ ಲೆಕ್ಕದಲ್ಲಿ ಏಳು ದಿನಗಳೊಳಗೆ ಒಂದು ತಾಸು ದುಡಿದರೂ ದುಡಿದವರೇ. ನಿಮ್ಮ ಅಂಕಿಯನ್ನು ಅವರದರ ಪಕ್ಕದಲ್ಲಿಡಬೇಕಾದರೆ ಎರಡೂ ಅವಧಿಗಳನ್ನು ಕೇಳಿಕೊಳ್ಳಿ. ಕಬ್ಬಿನ ಕಡಿತದಲ್ಲಿ ಗಂಡ–ಹೆಂಡತಿ ಜೋಡಿಯಾಗಿ ಟನ್ನಿಗಿಷ್ಟು ಎಂದು ಕೂಲಿ ಪಡೆಯುವುದರಿಂದ ಅವಳ ಕೂಲಿ ಅವನ ಹೆಸರಿನಲ್ಲಿ ಬರೆದುಹೋಗುತ್ತದೆ. ‘ಈ ಹಣ ಎಷ್ಟು ಮಂದಿಯ ದುಡಿಮೆಯದು, ಯಾರ ಕೈಗೆ ಕೊಟ್ಟರು’ ಎಂಬ ಎರಡು ಪ್ರಶ್ನೆ ಸೇರಿಸಿ.

ಇನ್ನು ಕೂಲಿ. ‘ತಿಂಗಳಿಗೆ ಎಷ್ಟು’ ಎಂದರೆ ಉತ್ತರ ಯಾವಾಗಲೂ ದೊಡ್ಡದು: ದಿನದ ಕೂಲಿಯನ್ನು ಮೂವತ್ತರಿಂದ ಗುಣಿಸಿದ್ದು. ಹಾಜರಿ ಎಷ್ಟು ಬಿತ್ತು, ಒಂದು ಹಾಜರಿಗೆ ಎಷ್ಟು, ಬಟವಾಡೆ ವಾರಕ್ಕೋ ಕೊನೆಗೋ, ಬಾಕಿ ಉಳಿದದ್ದೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿ. ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 700 ರೂಪಾಯಿ, ನಾಲ್ಕು ತಿಂಗಳು. ‘ತಿಂಗಳಿಗೆ ಇಪ್ಪತ್ತು ಸಾವಿರ’ ಎಂಬ ಉತ್ತರವನ್ನು ನಂಬಿದರೆ 80,000. ಹಾಜರಿ ತಿಂಗಳಿಗೆ 21 ಬಿದ್ದಿದ್ದರೆ 84 × 700 = 58,800. ಮೇಸ್ತ್ರಿ ಹಾಜರಿಗೆ 50 ಹಿಡಿದರೆ 4,200, ಹೋಗಿಬರುವ ಬಸ್ಸಿಗೆ 1,600, ಉಳಿದದ್ದು 53,000. ಅಲ್ಲಿನ ಊಟಕ್ಕೆ 16,000 ಹೋದರೆ 37,000. ಇದರಲ್ಲಿ ಆದಾಯ ಯಾವುದು? 53,000. ಊರಲ್ಲಿ ಉಳಿದವರ ಆದಾಯದಿಂದ ಊಟದ ಖರ್ಚು ಕಳೆಯದೆ ಹೋದವರದಕ್ಕೆ ಮಾತ್ರ ಕಳೆದರೆ ಹೋಲಿಕೆ ನಿಲ್ಲುವುದಿಲ್ಲ. 37,000 ಉಳಿತಾಯ, ಅದಕ್ಕೆ ಬೇರೆ ಖಾನೆ. ಹೋಗುವ ಮೊದಲೇ 20,000 ಮುಂಗಡ ಪಡೆದಿದ್ದರೆ ಕೈಯಲ್ಲಿ ತಂದದ್ದು 17,000 ಮಾತ್ರ. ಮುಂಗಡ ಆದಾಯವಲ್ಲ, ಮುಂದಿನ ದುಡಿಮೆಯ ಮೇಲಿನ ಸಾಲ. ಅದನ್ನು ಕೂಲಿಯ ಜೊತೆ ಕೂಡಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ. ಮುಂಗಡ ಯಾರಿಂದ, ಯಾವ ತಿಂಗಳು, ತೀರಿತೇ, ತೀರದೆ ಮುಂದಿನ ವರ್ಷಕ್ಕೆ ಹೋಯಿತೇ, ತೀರುವ ಮೊದಲು ಬೇರೆ ಕಡೆ ಕೆಲಸಕ್ಕೆ ಹೋಗಬಹುದಿತ್ತೇ. ಈ ಕೊನೆಯ ಪ್ರಶ್ನೆ ಬಿಟ್ಟರೆ ಕೂಲಿಗೂ ಜೀತಕ್ಕೂ ನಡುವಿನ ಗೆರೆ ಕಾಣುವುದಿಲ್ಲ.

ಖರ್ಚಿನ ಭಾಗಕ್ಕೆ ರಾಷ್ಟ್ರೀಯ ಸಮೀಕ್ಷೆಯ ಅವಧಿಗಳನ್ನೇ ಇಟ್ಟುಕೊಳ್ಳಿ: ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮಾಂಸಕ್ಕೆ ಏಳು ದಿನ, ಜೋಳ, ಅಕ್ಕಿ, ಬೇಳೆ, ಉರುವಲಿಗೆ 30 ದಿನ, ಬಟ್ಟೆ, ಚಪ್ಪಲಿ, ಶಾಲೆ, ಆಸ್ಪತ್ರೆ ದಾಖಲಾತಿ, ಪಾತ್ರೆ–ಫೋನಿಗೆ 365 ದಿನ. ಮನೆಯಲ್ಲೇ ಬೆಳೆದ ಜೋಳ, ಪಡಿತರದ ಅಕ್ಕಿಗೂ ಬೆಲೆ ಕಟ್ಟಬೇಕು. ತಲಾ ಖರ್ಚು ತೆಗೆಯುವಾಗ ಭಾಗಿಸುವ ಸಂಖ್ಯೆಯ ಬಗ್ಗೆ ಹುಷಾರು. ಆರು ಜನರ ಮನೆ, ಮೂವರು ನಾಲ್ಕು ತಿಂಗಳು ಹೊರಗಿದ್ದರು ಎಂದರೆ 72 ತಿಂಗಳಲ್ಲಿ 12 ಕಳೆದು 60, ಅಂದರೆ ವರ್ಷದ ಸರಾಸರಿ ಐದು ಜನ. ವರ್ಷದ ಖರ್ಚನ್ನು ಐದರಿಂದ ಭಾಗಿಸಿ. ಏಳು ದಿನ, 30 ದಿನದ ಖರ್ಚನ್ನು ಆ ದಿನಗಳಲ್ಲಿ ಆ ಒಲೆಯಲ್ಲಿ ಉಂಡವರ ಸಂಖ್ಯೆಯಿಂದ ಭಾಗಿಸಿ.

ಜಮೀನನ್ನು ಎಕರೆ–ಗುಂಟೆಯಲ್ಲಿ, ಒಣಬೇಸಾಯ–ನೀರಾವರಿ ಬೇರೆ ಮಾಡಿ ಬರೆಯಿರಿ. ಲಾವಣಿಗೆ (ಗುತ್ತಿಗೆಗೆ) ಕೊಟ್ಟದ್ದು, ಪಾಲಿಗೆ ಮಾಡಿದ್ದು, ಅಡವಿಟ್ಟದ್ದು ಬೇರೆ ಬೇರೆ ಸಾಲು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರೇ ಉಳುವವರು ಎಂದುಕೊಳ್ಳಬೇಡಿ.

ಸಂದರ್ಶಕರು, ದಿನದ ತಪಾಸಣೆ

ನಾಲ್ವರು ಸಂದರ್ಶಕರು, ಒಬ್ಬ ಮೇಲ್ವಿಚಾರಕಿ. ಇಂಥ ಎರಡು ತಂಡ. ಒಂದು ಸಂದರ್ಶನ 50–60 ನಿಮಿಷ, ದಿನಕ್ಕೆ ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ, ಐದನೆಯದರಲ್ಲಿ ಉತ್ತರಗಳು ಚಿಕ್ಕದಾಗುತ್ತವೆ. ಈ ಲೆಕ್ಕದಲ್ಲಿ 756 ಮನೆಗೆ ಸುಮಾರು 24 ದಿನ, ಮರುಭೇಟಿಗೆ ಇನ್ನೊಂದು ವಾರ. ತರಬೇತಿ ಐದು ದಿನ, ಅದರಲ್ಲಿ ಎರಡು ದಿನ ಮಾದರಿಗೆ ಬಾರದ ಊರಿನಲ್ಲಿ ಪೂರ್ವಪರೀಕ್ಷೆ. ಅರ್ಧದಷ್ಟು ಸಂದರ್ಶಕರು ಹೆಂಗಸರಿರಲಿ, ಪರಿಶಿಷ್ಟರ ಕೇರಿಗಳಿಗೆ ಹಿಂಜರಿಯದೆ ಹೋಗಿ ಕೂರುವವರೇ ಆಗಿರಲಿ. ಜೀಪು ಊರ ಗೌಡರ ಕಟ್ಟೆಯ ಮುಂದೆ ನಿಂತು, ಕೂಲಿಯವರನ್ನು ಅಲ್ಲಿಗೇ ಕರೆಸಿ ಕೇಳಿದರೆ ಸಾಲ ಯಾರದು, ಕೂಲಿ ಎಷ್ಟು ಎಂಬ ಉತ್ತರ ಯಾರ ಕಿವಿಗೆ ತಕ್ಕಂತೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅವರವರ ಅಂಗಳದಲ್ಲೇ ಕೇಳಿ.

ಫೋನಿನಲ್ಲೇ ಫಾರ್ಮ್ ತುಂಬುವ ಕೋಬೊಟೂಲ್‌ಬಾಕ್ಸ್ ಅಥವಾ ಓಡಿಕೆ (ODK) ಯಂಥ ಸಾಧನ ಬಳಸಿದರೆ ಅದೇ ರಾತ್ರಿ ತಪಾಸಣೆ ಸಾಧ್ಯ. ನೋಡಬೇಕಾದವು: ಯಾರ ಸಂದರ್ಶನ 30 ನಿಮಿಷದೊಳಗೆ ಮುಗಿಯುತ್ತಿದೆ, ‘ಯಾರೂ ಹೊರಗೆ ಹೋಗಿಲ್ಲ’ ಎಂಬ ಉತ್ತರ ಯಾರ ಫಾರ್ಮಿನಲ್ಲಿ ಹೆಚ್ಚು (ಹೋದವರಿದ್ದರೆ ಮುಂದಿನ 20 ಪ್ರಶ್ನೆ ತೆರೆಯುತ್ತವೆ ಎಂಬುದು ಎರಡನೇ ದಿನಕ್ಕೇ ಎಲ್ಲರಿಗೂ ತಿಳಿಯುತ್ತದೆ), ಮನೆಪಟ್ಟಿಯಲ್ಲಿ ‘ಕೆಲವರು ಹೋದವರು’ ಎಂದಿದ್ದ ಮನೆ ಸಂದರ್ಶನದಲ್ಲಿ ಬದಲಾಯಿತೇ. ಹತ್ತರಲ್ಲೊಂದು ಮನೆಗೆ ಮೇಲ್ವಿಚಾರಕಿ ಮರುದಿನ ಹೋಗಿ ಆರು ಪ್ರಶ್ನೆ ಮತ್ತೆ ಕೇಳಬೇಕು.

ತೂಕ, ಆಮೇಲೆ ಗಿನಿ

ಮೇಲಿನ ಊರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಜನಗಣತಿಯಲ್ಲಿ 400 ಮನೆಯಿದ್ದ ಆ ಊರು ಆಯ್ಕೆಯಾಗುವ ಸಂಭವ 42 × 400 ÷ 50,000 = 0.336. ಒಳಗೆ ಮೂರು ಗುಂಪುಗಳ ಸಂಭವ 4/40, 5/80, 9/300. ಎರಡನ್ನೂ ಗುಣಿಸಿ ತಲೆಕೆಳಗು ಮಾಡಿದರೆ ತೂಕ: 29.8, 47.6, 99.2. ಮನೆಮಂದಿಯೆಲ್ಲ ಹೋದ ಒಂದು ಮನೆ ತಾಲ್ಲೂಕಿನ ಸುಮಾರು 30 ಮನೆಗಳ ಪರವಾಗಿ, ಯಾರೂ ಹೋಗದ ಒಂದು ಮನೆ ಸುಮಾರು 99ರ ಪರವಾಗಿ ಮಾತಾಡುತ್ತದೆ. ತೂಕ ಹಾಕದೆ ಎಣಿಸಿದರೆ ಹದಿನೆಂಟರಲ್ಲಿ ಒಂಬತ್ತು, ಅಂದರೆ ಅರ್ಧಕ್ಕರ್ಧ ಮನೆಗಳಿಂದ ಗುಳೆ ಎಂಬ ದೊಡ್ಡ ಸುದ್ದಿ ಹುಟ್ಟುತ್ತದೆ. ಆ ಊರಿನ ನಿಜ 420ರಲ್ಲಿ 120, ಶೇ. 28.6. ಕೊನೆಗೂ ಸಿಗದ ಮನೆಗಳ ತೂಕವನ್ನು ಅದೇ ಊರಿನ ಅದೇ ಗುಂಪಿನ ಸಿಕ್ಕ ಮನೆಗಳಿಗೆ ಹಂಚಿ. ಬೀಗದ ಮನೆಯ ತೂಕವನ್ನು ಊರಲ್ಲಿದ್ದವರಿಗೆ ಹಂಚಿದರೆ ಬದಲಿ ಮನೆ ಮಾಡಿದ್ದಕ್ಕೂ ಇದಕ್ಕೂ ಭೇದವಿಲ್ಲ.

ಗಿನಿ ಎಂದರೆ ಅಸಮಾನತೆಯ ಒಂದು ಅಳತೆ: ಎಲ್ಲರ ಆದಾಯವೂ ಒಂದೇ ಆದರೆ ಸೊನ್ನೆ, ಅಸಮಾನತೆ ಹೆಚ್ಚಿದಷ್ಟೂ ಒಂದರ ಕಡೆಗೆ. ಅದನ್ನು ತೆಗೆಯಲು ಮನೆಗಳನ್ನು ಬಡವರಿಂದ ಶ್ರೀಮಂತರ ಕಡೆಗೆ ಸಾಲಾಗಿಸಿ, ಪ್ರತಿ ಆದಾಯವನ್ನು ಅದರ ಸ್ಥಾನದಿಂದ ಗುಣಿಸಿ ಕೂಡಿ, ಅದರ ಎರಡರಷ್ಟನ್ನು ಮನೆ ಸಂಖ್ಯೆ ಮತ್ತು ಒಟ್ಟು ಆದಾಯದ ಗುಣಲಬ್ಧದಿಂದ ಭಾಗಿಸಿ. ಬಂದದ್ದರಿಂದ, ಮನೆ ಸಂಖ್ಯೆಗೆ ಒಂದು ಸೇರಿಸಿ ಮನೆ ಸಂಖ್ಯೆಯಿಂದಲೇ ಭಾಗಿಸಿದ್ದನ್ನು ಕಳೆಯಿರಿ. ಐದು ಮನೆ, ವರ್ಷದ ಆದಾಯ ಸಾವಿರಗಳಲ್ಲಿ 40, 60, 80, 120, 300. ಸ್ಥಾನದ ಗುಣಾಕಾರಗಳ ಮೊತ್ತ 2,380; 4,760 ÷ 3,000 = 1.587, 1.2 ಕಳೆದರೆ 0.387. ಮೊದಲ ಎರಡು ಮನೆ ಗುಳೆ ಹೋದವರದು, ಬೀಗ ಇತ್ತು, ಬಿಟ್ಟಿರಿ ಎನ್ನಿ. ಉಳಿದ ಮೂರು ಮನೆಗೆ ಅದೇ ಲೆಕ್ಕ ಹಾಕಿದರೆ 0.293. ಊರಿನಲ್ಲಿ ಏನೂ ಬದಲಾಗದೆ ಅಸಮಾನತೆ ಕಾಲುಭಾಗ ಇಳಿದುಹೋಯಿತು.

ಇನ್ನೊಂದು ಜಾರುವ ಜಾಗ. ಆ ಎರಡು ಮನೆಗಳು ಹೊರಗೆ ದುಡಿದು ತಂದದ್ದನ್ನು ಕಳೆದರೆ ಉಳಿಯುವುದು 10 ಮತ್ತು 35 ಎಂದಾದರೆ ಗಿನಿ 0.488ಕ್ಕೆ ಏರುತ್ತದೆ. ಇದನ್ನು ತೋರಿಸಿ ‘ಗುಳೆ ಅಸಮಾನತೆಯನ್ನು 0.488ರಿಂದ 0.387ಕ್ಕೆ ಇಳಿಸಿತು’ ಎಂದು ಬರೆಯುವವರಿದ್ದಾರೆ. ಹೋಗದಿದ್ದರೆ ಅವರು ಆ ನಾಲ್ಕು ತಿಂಗಳು ಊರಲ್ಲಿ ಕೈಕಟ್ಟಿ ಕೂರುತ್ತಿರಲಿಲ್ಲ, ಉದ್ಯೋಗ ಖಾತರಿಯೋ ಪಕ್ಕದ ನೀರಾವರಿ ಊರಿನ ಕೂಲಿಯೋ ಏನಾದರೂ ಮಾಡುತ್ತಿದ್ದರು. ಅದೇ ಜಮೀನು, ಅದೇ ಸದಸ್ಯರ ಸಂಖ್ಯೆಯ ಹೋಗದ ಮನೆಗಳು ಆ ತಿಂಗಳುಗಳಲ್ಲಿ ಗಳಿಸಿದ್ದನ್ನು ಅಂದಾಜಾಗಿ ಹಾಕಿ ಮತ್ತೆ ಲೆಕ್ಕಿಸಿ, ಎರಡೂ ಅಂಕಿ ಕೊಡಿ. ಐದಾರು ಅತಿ ಶ್ರೀಮಂತ ಮನೆಗಳು ಮಾದರಿಗೆ ಬೀಳುವುದೂ ಬೀಳದಿರುವುದೂ ಗಿನಿಯನ್ನು ಅಲುಗಿಸುತ್ತದೆ. ಆದ್ದರಿಂದ ಕೆಳಗಿನ ಶೇ. 40 ಮಂದಿಗೆ ಒಟ್ಟು ಆದಾಯದಲ್ಲಿ ಎಷ್ಟು ಪಾಲು ಎಂಬುದನ್ನೂ ಜೊತೆಗೆ ಕೊಡಿ.

ಜಾತಿ, ಸಾಲ, ಮೇಸ್ತ್ರಿಯ ಹೆಸರು, ಫೋನ್ ನಂಬರ್ ಒಂದೇ ಕಡತದಲ್ಲಿದ್ದರೆ ಅದು ಯಾರ ಕೈಗೆ ಸಿಕ್ಕರೂ ಆ ಮನೆಗೆ ಅಪಾಯ. ಹೆಸರು–ನಂಬರಿನ ಕಡತವನ್ನು ಬೇರೆ ಇಟ್ಟು, ಉಳಿದ ದತ್ತಾಂಶಕ್ಕೆ ಮನೆಸಂಕೇತ ಮಾತ್ರ ಕೊಂಡಿಯಾಗಿರಲಿ. ಮರುಭೇಟಿ ಮುಗಿದ ಮೇಲೆ ನಂಬರುಗಳನ್ನು ಅಳಿಸಿ. ದತ್ತಾಂಶ ಹಂಚುವಾಗ ಊರ ಹೆಸರು ತೆಗೆದು ತಾಲ್ಲೂಕಷ್ಟೇ ಉಳಿಸಿ, ಸ್ಥಳದ ಅಕ್ಷಾಂಶ–ರೇಖಾಂಶ ಕಾಲಂ ಪೂರ್ತಿ ಅಳಿಸಿ: 30 ಮನೆಯ ದೊಡ್ಡಿಯಲ್ಲಿ ‘ಆರು ಜನ, ಎರಡು ಎಕರೆ, ಪುಣೆಗೆ ಹೋದವರು’ ಎಂದರೆ ಮೇಸ್ತ್ರಿಗೆ ಹೆಸರು ಹೇಳಬೇಕಾಗಿಲ್ಲ. ಫಲಿತಾಂಶವನ್ನು ಊರಿಗೆ ತಿರುಗಿ ಒಯ್ಯುವಾಗಲೂ ಊರೂರಿನ ಅಂಕಿ ಬೇಡ, ತಾಲ್ಲೂಕಿನ ಒಟ್ಟು ಅಂಕಿಗಳ ಎರಡು ಪುಟ, ಆಡುಮಾತಿನಲ್ಲಿ, ಎಲ್ಲರೂ ಊರಲ್ಲಿರುವ ಹಬ್ಬದ ವಾರದಲ್ಲಿ.